ದೂರ ಮಾಡಿದ್ದು ಹೊಳೆಯಲ್ಲ

ಮಲೆನಾಡಿನಲ್ಲಿ ಮುಂಗಾರು ಜೋರಾದ ವರ್ಷ ಸಿರುಗುಪ್ಪ ತಾಲ್ಲೂಕಿನ ಹೊಳೆದಂಡೆಗೆ ಪ್ರವಾಹ ಬರುತ್ತದೆ. ಆ ದಿನ ಅಲ್ಲಿನ ಕೆಂಚನಗುಡ್ಡ ಎಂಬ ಊರಿನ ಮೇಲೆ ಒಂದು ಹನಿಯೂ ಬಿದ್ದಿರಬೇಕೆಂದಿಲ್ಲ. ಬಿಸಿಲು ಕಾಯುತ್ತಿರುತ್ತದೆ, ತುಂಗಭದ್ರೆ ಮಾತ್ರ ಕೆಂಪಗೆ ಉಬ್ಬುತ್ತ ಗದ್ದೆಯ ಬದುಗಳನ್ನು ದಾಟುತ್ತಿರುತ್ತದೆ. ಮರುದಿನ ಪತ್ರಿಕೆಯಲ್ಲಿ ಮುಳುಗಿದ ಪಂಪ್‌ಸೆಟ್ಟಿನ ಚಿತ್ರ ಬರುತ್ತದೆ, ಟಿ.ವಿ.ಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತ ವರದಿಗಾರ ಮಾತಾಡುತ್ತಾನೆ. ಆಮೇಲೆ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕಚೇರಿಯಲ್ಲಿ ಕೇಳಿಬರುವ ಮಾತು ಒಂದೇ: ಪಾಪ, ಹಿಂದುಳಿದ ಊರು, ಹೊಳೆ ಪಕ್ಕ ಯಾಕಾದರೂ ಇರುತ್ತಾರೋ, ಎತ್ತರದ ಜಾಗಕ್ಕೆ ಎದ್ದು ಹೋಗಬಾರದೇ?

ಹೀಗೆ ಹೇಳುವವರಲ್ಲಿ ಹೆಚ್ಚಿನವರು ಮರುಕದಿಂದಲೇ ಹೇಳುತ್ತಾರೆ. ಆದರೆ ಆ ಮರುಕದ ಅಡಿಯಲ್ಲಿ ಎರಡು ನಂಬಿಕೆಗಳು ಗಟ್ಟಿಯಾಗಿ ಕೂತಿವೆ. ಹೊಳೆಯೂರು ಹುಟ್ಟಿನಿಂದಲೇ ಮೂಲೆಯ ಊರು ಎಂಬುದು ಒಂದು. ಅಲ್ಲಿನ ಮುಳುಗಡೆ ಪ್ರಕೃತಿಯ ಮುನಿಸು, ಅದಕ್ಕೆ ಯಾರೂ ಹೊಣೆಯಲ್ಲ ಎಂಬುದು ಇನ್ನೊಂದು. ಎರಡೂ ಸುಳ್ಳು. ತುಂಗಭದ್ರೆ, ಕೃಷ್ಣೆಯರ ದಂಡೆಯ ಊರುಗಳನ್ನು ದೂರ ಮಾಡಿದ್ದು ಮನುಷ್ಯರು ತೆಗೆದುಕೊಂಡ ತೀರ್ಮಾನಗಳು. ಆ ತೀರ್ಮಾನಗಳಿಗೆ ತಾರೀಖುಗಳಿವೆ, ಸಹಿಗಳಿವೆ. ತಪ್ಪನ್ನು ಹೊಳೆಯ ತಲೆಗೆ ಕಟ್ಟಿದಷ್ಟು ಕಾಲ ಆ ಸಹಿಗಳನ್ನು ಯಾರೂ ಓದುವುದಿಲ್ಲ.

ಕೆಂಚನಗುಡ್ಡದಿಂದಲೇ ಆರಂಭಿಸಬಹುದು. ಸಿರುಗುಪ್ಪ ಪೇಟೆಗೆ ಕೆಲವೇ ಕಿಲೋಮೀಟರ್ ದೂರದಲ್ಲಿ, ತುಂಗಭದ್ರೆಯ ಬಲದಂಡೆಯಲ್ಲಿ ಈ ಊರಿದೆ. ಹಳೆಯ ಕೋಟೆಯ ಅವಶೇಷ ಇದೆ, ಗಂಗಾಧರೇಶ್ವರನ ಗುಡಿ ಇದೆ. ಮಂತ್ರಾಲಯದ ರಾಘವೇಂದ್ರ ಮಠದ ಪೀಠದಲ್ಲಿದ್ದ ವಸುಧೇಂದ್ರ ತೀರ್ಥರ ಬೃಂದಾವನವೂ ಇಲ್ಲೇ ಇದೆ. ಕೋಟೆ ಕಟ್ಟಿದ ಪಾಳೆಯಗಾರ, ಗುಡಿ ಕಟ್ಟಿದ ಶಿಲ್ಪಿ, ಬೃಂದಾವನಕ್ಕೆ ಜಾಗ ಆರಿಸಿದ ಯತಿ, ಈ ಮೂವರೂ ಬೇರೆ ಬೇರೆ ಕಾರಣಕ್ಕೆ ಒಂದೇ ದಂಡೆಯನ್ನು ಆರಿಸಿಕೊಂಡರು. ಜನ ಬಂದು ಹೋಗುವ ಜಾಗದಲ್ಲಿ ಮಾತ್ರ ಕೋಟೆ, ಗುಡಿ, ಮಠ ಮೂರೂ ಒಟ್ಟಿಗೆ ನಿಲ್ಲುತ್ತವೆ.

ಹಿಂದಕ್ಕೆ ಹೋದಷ್ಟೂ ಈ ದಂಡೆ ಇನ್ನಷ್ಟು ಗಿಜಿಗುಡುತ್ತದೆ. ಇದೇ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಅವು ಬೆಳಕಿಗೆ ಬಂದದ್ದು 1970ರ ದಶಕದಲ್ಲಿ. ಬಹುಪಾಲು ಶಾಸನಗಳಲ್ಲಿ ಬಿರುದುಗಳಷ್ಟೇ ಸಿಗುವ ಆ ಚಕ್ರವರ್ತಿಯ ಸ್ವಂತ ಹೆಸರು ಇಲ್ಲಿ ಕೊರೆಯಲ್ಪಟ್ಟಿದೆ. ಅಂಥ ತಾಣಗಳು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು. ಹೊಳೆಯಾಚೆ ರಾಯಚೂರು ಸೀಮೆಯ ಮಸ್ಕಿಯೂ ಅವುಗಳಲ್ಲೊಂದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಪಾಟಲಿಪುತ್ರದ ಆಜ್ಞೆ ನಿಟ್ಟೂರಿನ ಬಂಡೆಯವರೆಗೆ ಬಂತು ಎಂದರೆ, ಓದುವ ಕಣ್ಣುಗಳು, ನಡೆಯುವ ಕಾಲುಗಳು ಇಲ್ಲಿದ್ದವು ಎಂದೇ ಅರ್ಥ. ಅದಕ್ಕೂ ಹಿಂದೆ, ತೆಕ್ಕಲಕೋಟೆಯ ಗುಡ್ಡಗಳಲ್ಲಿ ನವಶಿಲಾಯುಗದ ಜನ ಮನೆ ಕಟ್ಟಿ ದನ ಸಾಕಿ ಬದುಕಿದ್ದರು. 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅವರ ಉತ್ಖನನ ಅದನ್ನು ತೋರಿಸಿಕೊಟ್ಟಿತು.

ವಿಜಯನಗರದ ಕಾಲಕ್ಕೆ ಈ ನದಿಗೆ ಅಡ್ಡಲಾಗಿ ಒಡ್ಡುಗಳು ಎದ್ದು ಕಾಲುವೆಗಳು ಹರಿದವು. ರಾಯ, ಬಸವಣ್ಣ, ತುರ್ತು, ರಾಮಸಾಗರ, ಕಂಪ್ಲಿ, ಬೆಳಗೋಡುಹಾಳು, ಸಿರುಗುಪ್ಪ, ದೇಶನೂರು ಎಂದು ಅವುಗಳ ಹೆಸರನ್ನು ಇಂದಿಗೂ ರೈತರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಆನೆಗೊಂದಿ ಬಳಿ ಬುಟ್ಟಿಯಂಥ ದುಂಡನೆಯ ದೋಣಿಗಳನ್ನು ಕಂಡು ಬರೆದಿಟ್ಟ. ಬೆತ್ತದ ಒಡಲು, ಹೊರಗೆ ಚರ್ಮದ ಹೊದಿಕೆ, ಒಂದೊಂದರಲ್ಲೂ ಹದಿನೈದಿಪ್ಪತ್ತು ಜನ; ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದರು. ಆ ಕಾಲದಲ್ಲಿ ಅದು ಒಂದು ಸಾಮ್ರಾಜ್ಯದ ರಾಜಧಾನಿಯ ಸಾರಿಗೆ. ಐನೂರು ವರ್ಷ ಕಳೆದ ಮೇಲೂ ಕೃಷ್ಣೆಯ ನಡುಗಡ್ಡೆಯ ಬಸುರಿ ಹೆಂಗಸಿಗೆ ಅದೇ ತೆಪ್ಪ ಗತಿಯಾಗಿದೆ. ತೆಪ್ಪ ಅಂದಿನಂತೆಯೇ ಉಳಿಯಿತು; ಉಳಿದವರಿಗೆಲ್ಲ ರಸ್ತೆ, ರೈಲು, ಸೇತುವೆ ಬಂದವು. ಹೊಳೆಯ ಜನ ಹಿಂದೆ ಬಿದ್ದದ್ದು ಹೀಗೆ, ಬೇರೆಯವರನ್ನು ಮುಂದೆ ಒಯ್ದ ತೀರ್ಮಾನಗಳಲ್ಲಿ ಅವರ ಲೆಕ್ಕ ಇಲ್ಲದೆ.

ಮೊದಲ ದೊಡ್ಡ ತೀರ್ಮಾನ 1800ರದು. ಆ ವರ್ಷ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಅಲ್ಲಿಂದ ಒಂದೂವರೆ ಶತಮಾನ ತುಂಗಭದ್ರೆ ಗಡಿಯಾಯಿತು: ಬಲದಂಡೆ ಮದ್ರಾಸಿನದು, ಎಡದಂಡೆ ನಿಜಾಮನದು. ದಾಟಿದರೆ ಬೇರೆ ಸರ್ಕಾರ, ಬೇರೆ ಕಾನೂನು. ಗಡಿಯ ಮೇಲೆ ಸೇತುವೆ ಕಟ್ಟುವ ಉತ್ಸಾಹ ಎರಡೂ ಕಡೆ ಇರಲಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಸಿರುಗುಪ್ಪದ ಮಗ್ಗುಲಿನ ಆದೋನಿ ಒಂದೇ ದಿನದಲ್ಲಿ ಪರರಾಜ್ಯದ ಪೇಟೆಯಾಯಿತು. 1956ರ ನವೆಂಬರ್ 1ರಂದು ರಾಯಚೂರೂ ಬಂದು ಸೇರಿದಾಗ ಎರಡೂ ದಂಡೆ ಒಂದೇ ರಾಜ್ಯದವಾದವು, ನಿಜ. ಆದರೆ ಜಿಲ್ಲೆಯ ಗೆರೆ ಹೊಳೆಯ ನಡುವೆಯೇ ಉಳಿಯಿತು. ಹೊಳೆಗೆ ಮುಖ ಮಾಡಿದ್ದ ಊರು ಈಗ ಅಂಚಿನ ಊರಾಯಿತು; ಆಸ್ಪತ್ರೆ, ಕಾಲೇಜು, ಕೋರ್ಟು ಎಲ್ಲ ಹೊಳೆಗೆ ಬೆನ್ನು ಹಾಕಿ ಬೆಳೆದವು.

ಎರಡನೆಯ ತೀರ್ಮಾನ ಹೊಸಪೇಟೆಯ ಬಳಿ ಎದ್ದು ನಿಂತಿದೆ. ತುಂಗಭದ್ರಾ ಅಣೆಕಟ್ಟೆಯ ಕೆಲಸ 1945ರಲ್ಲಿ ಶುರುವಾಗಿ 1953ಕ್ಕೆ ನೀರು ನಿಂತಿತು. ಮೇಲ್ಗಡೆ ಸುಮಾರು 90 ಹಳ್ಳಿಗಳು ಮುಳುಗಿ 54 ಸಾವಿರಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಆ ಲೆಕ್ಕ ಕಡತದಲ್ಲಾದರೂ ಇದೆ. ಕೆಳಗಡೆ ಆದದ್ದಕ್ಕೆ ಅಂಥ ಲೆಕ್ಕವೇ ಇಲ್ಲ. ಅಣೆಕಟ್ಟೆಗೆ ಮೊದಲು ಹೊಳೆ ಏರುವುದು, ಇಳಿಯುವುದು ದಂಡೆಯವರ ಕಣ್ಣಳತೆಯಲ್ಲಿತ್ತು: ನೀರಿನ ಬಣ್ಣ, ನೊರೆ, ತೇಲಿ ಬರುವ ಕಸಕಡ್ಡಿ ನೋಡಿ ಎಷ್ಟು ಬರುತ್ತದೆ ಎಂದು ಹೇಳುವವರಿದ್ದರು. ಈಗ ಹೊಳೆ 33 ಕ್ರೆಸ್ಟ್ ಗೇಟುಗಳ ಹಿಂದೆ ನಿಂತಿದೆ. ಎಷ್ಟು ಗೇಟು, ಎಷ್ಟು ಅಡಿ, ಯಾವ ಗಂಟೆಗೆ ಎಂಬುದನ್ನು ನಿರ್ಧರಿಸುವವರು ದೂರದಲ್ಲಿದ್ದಾರೆ. ಬಳ್ಳಾರಿಯ ಬಿಸಿಲಿನಲ್ಲಿ ಬರುವ ಪ್ರವಾಹದ ಗುಟ್ಟು ಇದು. ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಸೇರುವ ತುಂಗೆ, ಭದ್ರೆಯರ ಮಳೆನೀರು ಮೊದಲು ಜಲಾಶಯದಲ್ಲಿ ತಂಗುತ್ತದೆ. ಅಲ್ಲಿಂದ ಮುಂದೆ ಅದು ಕೆಂಚನಗುಡ್ಡಕ್ಕೆ ಬರುವುದು ಒಂದು ಆದೇಶದ ಮೇಲೆ.

ಜಲಾಶಯ ಇಲ್ಲದಿದ್ದರೂ ನೆರೆ ಬರುತ್ತಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಬರುತ್ತಿತ್ತು. ಅಣೆಕಟ್ಟೆ ಕೆಲವು ವರ್ಷ ನೆರೆಯ ತಲೆಯನ್ನು ತಗ್ಗಿಸಿಯೂ ಇದೆ. ಆದರೆ ಮುಂದಿನ ಮಾತನ್ನು ಅವರು ಒಪ್ಪಲೇಬೇಕು: ಕಟ್ಟಿದ ಮೇಲೆ ಹೊಳೆಯ ಏರಿಳಿತ ನಿರ್ವಹಣೆಯ ವಿಷಯ, ನಿರ್ವಹಣೆ ಇದ್ದಲ್ಲಿ ಹೊಣೆಯೂ ಇರಬೇಕು. 133 ಟಿಎಂಸಿ ಹಿಡಿಯಲೆಂದು ಕಟ್ಟಿದ ಜಲಾಶಯ ಹೂಳು ತುಂಬಿ ಈಗ 106 ಟಿಎಂಸಿಯಷ್ಟು ಕೂಡ ಹಿಡಿಯುವುದಿಲ್ಲ. ಅಂದರೆ ಅಷ್ಟು ಬೇಗ ತುಂಬುತ್ತದೆ, ಅಷ್ಟು ಬೇಗ ಗೇಟು ತೆರೆಯಬೇಕಾಗುತ್ತದೆ. 2019ರ ಆಗಸ್ಟಿನಲ್ಲಿ ಹೊಳೆಗೆ ಬಿಟ್ಟದ್ದು 2 ಲಕ್ಷ ಕ್ಯುಸೆಕ್‌ಗಿಂತ ಹೆಚ್ಚು. ಹಂಪಿಯ ಸ್ಮಾರಕಗಳು ನೀರಿನಲ್ಲಿ ನಿಂತವು, ವಿರೂಪಾಪುರ ಗಡ್ಡೆಯಿಂದ ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರುಗಳಲ್ಲಿ ತರಬೇಕಾಯಿತು, ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿತು. ಕಂಪ್ಲಿ ಕೋಟೆಯ ಮೀನುಗಾರರ ಮನೆಗಳಿಗೆ ನೀರು ನುಗ್ಗಿತು. ಪ್ರವಾಸಿಗರ ಸುದ್ದಿ ದೇಶ ನೋಡಿತು. ಕೆಳಗಿನ ಸಿರುಗುಪ್ಪದ ದಂಡೆಯಲ್ಲಿ ಭತ್ತದ ಮಡಿ ಕೊಳೆತದ್ದು ಜಿಲ್ಲಾ ಪುಟದಲ್ಲಿ ಮುಗಿಯಿತು.

2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯದ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ಹೊಳೆಗೆ ನೀರು ಬಿಡಬೇಕಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿನ ಮೇಲೆ ನಿಂತು ಒಂದೇ ವಾರದಲ್ಲಿ ತಾತ್ಕಾಲಿಕ ಗೇಟು ಇಳಿಸಿದ್ದು ನಿಜಕ್ಕೂ ದೊಡ್ಡ ಕೆಲಸ. ಆಮೇಲೆ ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂದು ತಜ್ಞರು ಹೇಳಿದರು. ಎಪ್ಪತ್ತು ವರ್ಷದ ಸರಪಳಿ ತುಂಡಾದದ್ದನ್ನು ಯಾರೂ ಪ್ರಕೃತಿ ವಿಕೋಪ ಎನ್ನಲಾರರು. ಆ ರಾತ್ರಿ ಹೊಳೆದಂಡೆಯ ಊರುಗಳು ನಿದ್ದೆಗೆಟ್ಟದ್ದು ಮಳೆಯಿಂದಲ್ಲ, ಹೊಳೆಯಿಂದಲೂ ಅಲ್ಲ. ಒಂದು ಕಬ್ಬಿಣದ ಕೊಂಡಿಯಿಂದ.

ಹೊಲಗಳ ಜೌಗಿನದೂ ಇದೇ ಕತೆ. ಬಳ್ಳಾರಿ ಸೀಮೆ ಒಣ ಸೀಮೆ. ಇಲ್ಲಿ ಕೆಸರು ಹುಟ್ಟಿದ್ದು ಕಾಲುವೆಯಿಂದ. ತುಂಗಭದ್ರಾ ಯೋಜನೆಯ ನೀರು ಬಹುಪಾಲು ಮಿತ ನೀರಾವರಿಯ ಬೆಳೆಗೆಂದು ನಿಗದಿಯಾಗಿತ್ತು: ಜೋಳ, ಹತ್ತಿ, ಶೇಂಗಾ. ಭತ್ತಕ್ಕೆ ಬೆಲೆ ಬಂತು, ಅಕ್ಕಿ ಗಿರಣಿಗಳು ಎದ್ದವು, ಸಿರುಗುಪ್ಪದ ಸೋನಾ ಮಸೂರಿ ಬೆಂಗಳೂರಿನ ಅಂಗಡಿಗಳಿಗೆ ಹೋಯಿತು. ಎರೆ ಭೂಮಿಯಲ್ಲಿ ವರ್ಷಗಟ್ಟಲೆ ನೀರು ನಿಂತರೆ ಏನಾಗಬೇಕೋ ಅದೇ ಆಯಿತು. ತಗ್ಗಿನ ಹೊಲಗಳು ಜವಳಾದವು, ಉಪ್ಪು ಮೇಲೆದ್ದು ಸವಳಾದವು. ಬಸಿಗಾಲುವೆ ತೋಡುವ ಖರ್ಚನ್ನು ಯೋಜನೆ ಮುಂದೂಡುತ್ತ ಬಂದದ್ದರಿಂದ ನೀರು ಹೋಗುವ ದಾರಿ ಇಲ್ಲ. ಇತ್ತ ಮೇಲ್ಭಾಗದ ಹೊಲ ಕೊಳೆಯುವಾಗ ಅತ್ತ ಕಾಲುವೆಯ ಕೊನೆಯಂಚಿನ ರೈತ ಒಣಗಿದ ತೂಬಿನ ಮುಂದೆ ನಿಂತು ಧರಣಿ ಮಾಡುತ್ತಾನೆ. ಒಂದೇ ತಾಲ್ಲೂಕಿನಲ್ಲಿ ಕೆಸರೂ ಬರವೂ ಒಟ್ಟಿಗೆ ಇದ್ದರೆ ಅದು ನೆಲದ ಗುಣವಲ್ಲ, ಹಂಚಿಕೆಯ ಗುಣ.

ಈ ವಾದಕ್ಕೆ ಇನ್ನೂ ಕಠಿಣವಾದ ಸಾಕ್ಷಿ ಕೃಷ್ಣೆಯಲ್ಲಿದೆ. ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿ ಹೊಳೆ ನಡುವಿನ ಊರು. 2014ರ ಜುಲೈ ಕೊನೆಯಲ್ಲಿ ಅಲ್ಲಿನ ಒಂಬತ್ತು ತಿಂಗಳ ಬಸುರಿಯೊಬ್ಬಳು, ಒಣಗಿದ ಸೋರೆಬುರುಡೆಗಳನ್ನೂ ಬಾಟಲಿಗಳನ್ನೂ ಮೈಗೆ ಕಟ್ಟಿಕೊಂಡು, ತಂದೆ ಮತ್ತು ಅಣ್ಣತಮ್ಮಂದಿರ ನಡುವೆ ಉಕ್ಕುವ ಕೃಷ್ಣೆಯನ್ನು ಈಜಿ ದಾಟಿದಳು. ತೆಪ್ಪ ಹಾಕಲು ಯಾರೂ ಧೈರ್ಯ ಮಾಡದ ಸೆಳವು ಅದು. ಊರಲ್ಲಿ ಹೆರಿಗೆಗೆ ಸೌಕರ್ಯ ಇರಲಿಲ್ಲ. ಅವಳು ಮಗುವಿನ ಜೀವಕ್ಕೆ ಹೆದರಿ ನೀರಿಗಿಳಿದಳು. ದೇಶವಿದೇಶದ ಪತ್ರಿಕೆಗಳು ಅವಳನ್ನು ಧೀರೆ ಎಂದವು.

ಐದು ವರ್ಷದ ಬಳಿಕ, 2019ರ ಆಗಸ್ಟಿನಲ್ಲಿ, ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯ ಬಳಿ ಸೇತುವೆ ಮೇಲೆ ನೀರು ಹರಿಯುತ್ತಿದ್ದಾಗ ಆಂಬುಲೆನ್ಸ್ ಚಾಲಕನಿಗೆ ದಾರಿ ಕಾಣದಾಯಿತು. ಹನ್ನೆರಡು ವರ್ಷದ ಹುಡುಗನೊಬ್ಬ ಆ ನೀರಿನಲ್ಲಿ ಮುಂದೆ ಮುಂದೆ ನಡೆದು ಗಾಡಿಯನ್ನು ದಾಟಿಸಿದ. ಅವನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು. ಬರಲೇಬೇಕಿತ್ತು.

ಆದರೆ ಈ ಹೊಗಳಿಕೆಯಲ್ಲಿ ಒಂದು ಅಪಾಯ ಅಡಗಿದೆ. ಒಬ್ಬ ಬಸುರಿ, ಒಬ್ಬ ಹುಡುಗ ತಮ್ಮ ಜೀವವನ್ನು ಪಣಕ್ಕಿಟ್ಟು ಮಾಡಿದ್ದು ಸರ್ಕಾರದ ಕೆಲಸ. ಅದನ್ನು ಸಾಹಸವೆಂದು ಕೊಂಡಾಡಿದ ಮೇಲೆ ಮಾಡದವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಹೊಳೆಯ ಜನ ಗಟ್ಟಿಗರು, ಅವರಿಗೆ ಅಭ್ಯಾಸವಿದೆ ಎಂಬ ಮಾತು ಅಲ್ಲಿಂದ ಹುಟ್ಟುತ್ತದೆ. ಅಭ್ಯಾಸ ಇದ್ದವರೂ ಮುಳುಗುತ್ತಾರೆ. ರಾಯಚೂರು ತಾಲ್ಲೂಕಿನ ಕುರ್ವಕುಲದ ಜನ 2020ರ ಆಗಸ್ಟಿನಲ್ಲಿ ತೆಲಂಗಾಣದ ದಂಡೆಯಿಂದ ತೆಪ್ಪದಲ್ಲಿ ಮರಳುವಾಗ ತೆಪ್ಪ ಮಗುಚಿ ನಾಲ್ವರು ನೀರುಪಾಲಾದರು. ಅವರು ಹುಟ್ಟಿದಂದಿನಿಂದ ಆ ನೀರನ್ನು ದಾಟಿದವರೇ. ಅದೇ ಕುರ್ವಕುಲ, ಕುರ್ವಕುರ್ದ ನಡುಗಡ್ಡೆಗಳಿಗೆಂದು ಮಂಜೂರಾದ ಸೇತುವೆಗಳ ಕಾಮಗಾರಿ ವರ್ಷಗಟ್ಟಲೆ ಅರ್ಧಕ್ಕೆ ನಿಂತಿತ್ತು. ಲಿಂಗಸುಗೂರು ತಾಲ್ಲೂಕಿನಲ್ಲಿ ಬಸವಸಾಗರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಶೀಲಹಳ್ಳಿಯ ಸೇತುವೆ ಮುಳುಗುತ್ತದೆ, ಯರಗೋಡಿ ಕಡೆಯ ಊರುಗಳಿಗೆ ದಾರಿ ತಪ್ಪುತ್ತದೆ. ಮುಳುಗುವ ಎತ್ತರಕ್ಕೆ ಕಟ್ಟಿದ ಸೇತುವೆ ಮುಳುಗಿದರೆ ಅದರಲ್ಲಿ ನದಿಯ ತಪ್ಪೇನು?

ಮರುಕದವರ ಜೊತೆಗೆ ಇನ್ನೊಂದು ಗುಂಪಿದೆ: ಹೊಳೆಯೂರಿನ ಚೆಲುವಿಗೆ ಮನಸೋತವರು. ಹಸಿರು ಗದ್ದೆ, ಬಂಡೆ, ಸಂಜೆಯ ಹರಿಗೋಲು. ಹೀಗೇ ಇರಲಿ ಎಂಬ ಆಸೆ ಅವರದು. ಹಂಪಿ–ಆನೆಗೊಂದಿ ನಡುವೆ ಸೇತುವೆ ಏಳತೊಡಗಿದಾಗ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು. 2006ರವರೆಗೆ ಅದು ಆ ಪಟ್ಟಿಯಲ್ಲಿತ್ತು. ಸ್ಮಾರಕಗಳ ನಡುವೆ ಲಾರಿ ಓಡಬಾರದೆಂಬ ಕಾಳಜಿ ನ್ಯಾಯವಾದದ್ದೇ. ಆದರೆ ಆ ಚರ್ಚೆಯ ವರ್ಷಗಳಲ್ಲಿ ಆನೆಗೊಂದಿಯ ಶಾಲೆ ಮಕ್ಕಳು, ಬಾಳೆ ಕಡಿಯುವ ಕೂಲಿಗಳು ಯಾವುದರಲ್ಲಿ ದಾಟಬೇಕು ಎಂಬುದು ಪಟ್ಟಿ ಮಾಡುವವರಿಗೂ ಕಟ್ಟುವವರಿಗೂ ತುರ್ತಾಗಿ ಕಾಣಲಿಲ್ಲ. ಕೊನೆಗೆ 2009ರ ಜನವರಿ 22ರಂದು ಕಟ್ಟುತ್ತಿದ್ದ ಸೇತುವೆಯೇ ಕುಸಿದು ಕಾರ್ಮಿಕರು ಸತ್ತರು. ಬೇರೆ ಜಾಗದಲ್ಲಿ, ಬುಕ್ಕಸಾಗರ–ಕಡೇಬಾಗಿಲು ನಡುವೆ ಸೇತುವೆ ಬಂದದ್ದು ಅದಾದ ವರ್ಷಗಳ ಮೇಲೆ. ಪರಂಪರೆಯನ್ನೂ ಉಳಿಸಿ ಜನರನ್ನೂ ದಾಟಿಸುವ ಜಾಗ ಮೊದಲಿನಿಂದ ಅಲ್ಲೇ ಇತ್ತು.

ಹೊಳೆ ಮತ್ತು ಜೌಗಿನ ಜನರ ಬಗ್ಗೆ ಲೋಕ ಹೇಗೆ ಯೋಚಿಸುತ್ತದೆ ಎಂಬುದು ನ್ಯೂಗಿನಿ ದ್ವೀಪದಲ್ಲಿ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಇಂಡೊನೇಷ್ಯಾದ ಪಪುವಾದಲ್ಲಿ ಕೊರೊವಾಯ್ ಜನರು ಮರದ ಮೇಲೆ ಮನೆ ಕಟ್ಟುವವರೆಂದು ಜಗತ್ತಿಗೆಲ್ಲ ಗೊತ್ತು. ಬಿಬಿಸಿಯ ‘ಹ್ಯೂಮನ್ ಪ್ಲ್ಯಾನೆಟ್’ ಸರಣಿ 2011ರಲ್ಲಿ ಒಂದು ಕುಟುಂಬ ಆಕಾಶದೆತ್ತರದ ಮರಮನೆಗೆ ವಾಸಕ್ಕೆ ಹೋಗುವುದನ್ನು ತೋರಿಸಿತು. ಆ ಮನೆ ಚಿತ್ರೀಕರಣಕ್ಕೆಂದೇ ಕಟ್ಟಿಸಿದ್ದು, ಜನ ಅಷ್ಟು ಎತ್ತರದಲ್ಲಿ ವಾಸಿಸುವುದಿಲ್ಲ ಎಂದು 2018ರಲ್ಲಿ ಬಿಬಿಸಿಯೇ ಒಪ್ಪಿಕೊಂಡಿತು. ನೋಡುವವರಿಗೆ ಬೇಕಾದಷ್ಟು ಆದಿಮತನ ಆ ಜನರಲ್ಲಿ ಇಲ್ಲದಾಗ ಅದನ್ನು ಕಟ್ಟಿಸಿ ತೋರಿಸಲಾಯಿತು.

ಅದೇ 2018ರ ಜನವರಿಯಲ್ಲಿ, ಅದೇ ಸೀಮೆಯ ಅಸ್ಮತ್ ಜಿಲ್ಲೆಯಿಂದ ನಿಜವಾದ ಸುದ್ದಿ ಬಂತು. ಅಸ್ಮತ್ ಎಂದರೆ ಉಬ್ಬರವಿಳಿತದ ಕೆಸರು, ಸಾಗೂ ತಾಳೆಯ ಕಾಡು, ದೋಣಿಯಲ್ಲಿ ಗಂಟೆಗಟ್ಟಲೆ ದೂರದ ಹಳ್ಳಿಗಳು. ಜಿಲ್ಲಾ ಕೇಂದ್ರ ಅಗಾತ್ಸ್ ಪಟ್ಟಣ ಕೂಡ ಕೆಸರಿನ ಮೇಲೆ ಕಂಬ ನೆಟ್ಟು ಹಾಸಿದ ಹಲಗೆಯ ಬೀದಿಗಳಲ್ಲಿದೆ. ಅಲ್ಲಿ ಕೆಲವೇ ತಿಂಗಳಲ್ಲಿ ದಡಾರ ಮತ್ತು ಅಪೌಷ್ಟಿಕತೆಯಿಂದ ಸುಮಾರು 70 ಮಕ್ಕಳು ಸತ್ತವು. ದಡಾರಕ್ಕೆ ಲಸಿಕೆ ದಶಕಗಳಿಂದ ಇದೆ. ಆದರೆ ಅಂದಿನ ಅಧ್ಯಕ್ಷ ಜೋಕೊ ವಿಡೊಡೊ ಮುಂದಿಟ್ಟ ಪರಿಹಾರಗಳಲ್ಲಿ ಒಂದು, ಚದುರಿದ ಹಳ್ಳಿಗಳ ಜನರನ್ನು ಪಟ್ಟಣದ ಬಳಿಗೆ ಎಬ್ಬಿಸಿ ತರುವುದು. ಸ್ಥಳೀಯ ಮುಖಂಡರು ಒಪ್ಪಲಿಲ್ಲ: ಸಾಗೂ ತೋಪು, ಮೀನಿನ ಹಳ್ಳ, ಕುಲದ ನೆಲ ಇರುವುದು ಹಳ್ಳಿಯಲ್ಲಿ, ಇನ್ನೊಬ್ಬರ ಕುಲದ ನೆಲದಲ್ಲಿ ಹೋಗಿ ಕೂತು ಏನು ತಿನ್ನುವುದು? ಲಸಿಕೆ ಹಳ್ಳಿಗೆ ಹೋಗಲಾರದು, ಆದ್ದರಿಂದ ಹಳ್ಳಿಯೇ ಲಸಿಕೆಯ ಬಳಿಗೆ ಬರಲಿ ಎಂಬ ಆ ಯೋಚನೆಗೂ ಸಿರುಗುಪ್ಪದಲ್ಲಿ ಕೇಳಿಬರುವ ‘ಎದ್ದು ಹೋಗಬಾರದೇ’ ಎಂಬ ಪ್ರಶ್ನೆಗೂ ವ್ಯತ್ಯಾಸವಿಲ್ಲ.

ಗಡಿಯಾಚೆ, ಪಪುವಾ ನ್ಯೂಗಿನಿ ದೇಶದಲ್ಲಿ, ಓಕ್ ಟೆಡಿ ತಾಮ್ರದ ಗಣಿ 1984ರಲ್ಲಿ ಶುರುವಾಯಿತು. ಗಣಿಯ ಕೆಸರು ತಡೆಯಲು ಕಟ್ಟುತ್ತಿದ್ದ ಒಡ್ಡು ಕುಸಿದ ಮೇಲೆ ತ್ಯಾಜ್ಯವನ್ನು ನೇರ ಹೊಳೆಗೇ ಬಿಡಲಾಯಿತು. ಅದು ಫ್ಲೈ ನದಿಗೆ ಇಳಿದು, ನದಿಯ ತಳ ಏರಿ, ದಂಡೆಯ ಕಾಡು ಮತ್ತು ತೋಟ ಕೆಸರಿನಲ್ಲಿ ಹೂತುಹೋದವು. ಸುಮಾರು 50 ಸಾವಿರ ಜನರ ಬದುಕು ಕೆಟ್ಟಿತು. ಹೊರಗಿನವರಿಗೆ ಕಂಡದ್ದು ನಾಗರಿಕತೆ ಮುಟ್ಟದ ಜೌಗು. ಆ ಜೌಗಿನಲ್ಲಿ ಗಣಿ ಕಂಪನಿಯ ಕೆಸರೇ ತುಂಬಿತ್ತು. ಆ ಹಳ್ಳಿಗಳ ಜನ ಆಸ್ಟ್ರೇಲಿಯಾದ ಮೆಲ್ಬರ್ನ್ ನ್ಯಾಯಾಲಯದವರೆಗೆ ಹೋಗಿ ಬಿಎಚ್‌ಪಿ ಕಂಪನಿಯನ್ನು ಎದುರಿಸಿದರು; 1996ರಲ್ಲಿ ರಾಜಿಯಾಯಿತು. ಅಬ್ಬರದ ಗಣಿಗಾರಿಕೆ ಕಂಡ ಬಳ್ಳಾರಿ ಜಿಲ್ಲೆಯವರಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಸ್ಥಳಾಂತರದ ವಾದವನ್ನೇ ನೇರವಾಗಿ ತೆಗೆದುಕೊಳ್ಳಬೇಕು, ಏಕೆಂದರೆ ಅದು ಕೇಳಲು ಬಹಳ ಸಮಂಜಸವಾಗಿದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದ ನೆರೆಯಲ್ಲಿ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಸಿರುಗುಪ್ಪ ತಾಲ್ಲೂಕೂ ನಲುಗಿತು. ಸರ್ಕಾರ ‘ಆಸರೆ’ ಯೋಜನೆ ತಂದಿತು, ದಾನಿಗಳು ಮುಂದೆ ಬಂದರು, ಎತ್ತರದ ಜಾಗಗಳಲ್ಲಿ ಸಾಲು ಸಾಲು ಮನೆಗಳು ಎದ್ದವು. ಕೆಲವರು ಹೋಗಿ ನೆಲೆಸಿದರು. ಅವರಿಗೆ ಒಳ್ಳೆಯದೇ ಆಯಿತು. ಆದರೆ ಎಷ್ಟೋ ಕಡೆ ಮನೆಗಳು ಖಾಲಿ ಉಳಿದು ಜಾಲಿ ಬೆಳೆಯಿತು. ಜನ ಮೂಢರೆಂದು, ಸೋಮಾರಿಗಳೆಂದು ಆಗಲೂ ಮಾತು ಬಂತು. ಕಾರಣ ಕೇಳಲು ಹೋದವರಿಗೆ ಸಿಗುವ ಉತ್ತರ ಸರಳ. ಹೊಲ ಹೊಳೆಯ ಬಳಿ ಇದೆ. ದನ ಕಟ್ಟಲು ಹೊಸ ಮನೆಯಲ್ಲಿ ಕೊಟ್ಟಿಗೆ, ಹಿತ್ತಿಲು ಇಲ್ಲ. ಹುಲ್ಲಿನ ಬಣವೆಗೆ ಜಾಗವಿಲ್ಲ. ರಾತ್ರಿ ಪಾಳಿಯಲ್ಲಿ ಕರೆಂಟು ಬಂದಾಗ ಎದ್ದು ಹೋಗಿ ಪಂಪ್‌ಸೆಟ್ ಹಾಕಬೇಕಾದವನು ಕಿಲೋಮೀಟರುಗಟ್ಟಲೆ ದೂರದಿಂದ ಬರಲಾರ. ಬೆಸ್ತರ ಬದುಕಂತೂ ನೀರಿನಲ್ಲೇ ಇದೆ. ಮನೆಯನ್ನು ಎತ್ತರಕ್ಕೆ ಒಯ್ದವರು ಹೊಲವನ್ನು, ಬಲೆಯನ್ನು ಒಯ್ಯಲಿಲ್ಲ.

ಆದ್ದರಿಂದ ಸ್ಥಳಾಂತರವೇ ಬೇಡ ಎನ್ನುವುದು ಈ ವಾದವಲ್ಲ. ವರ್ಷ ಬಿಟ್ಟು ವರ್ಷ ಗೋಡೆ ಕುಸಿಯುವ ಮನೆಯವರು ತಾವೇ ಜಾಗ ಕೇಳುತ್ತಿದ್ದಾರೆ; ಅವರಿಗೆ ತಡಮಾಡದೆ ಕೊಡಬೇಕು. ಜಾಗ ಆರಿಸುವಾಗ, ಮನೆಯ ನಕ್ಷೆ ಬರೆಯುವಾಗ ಆ ಮನೆಯ ಹೆಂಗಸರು ಕೂತಿರಬೇಕು. ಹೋಗಲಿಲ್ಲ ಎಂಬ ಕಾರಣಕ್ಕೆ ಹಳೆಯ ಊರಿನ ನೀರು, ದೀಪ, ಅಂಗನವಾಡಿ ನಿಲ್ಲಿಸುವುದು ಮಾತ್ರ ಶಿಕ್ಷೆ, ಪುನರ್ವಸತಿಯಲ್ಲ.

ಇನ್ನು ಹಣದ ಮಾತು. ನೂರಿನ್ನೂರು ಮನೆಗೆ ಕೋಟಿಗಟ್ಟಲೆ ಸುರಿದು ಸೇತುವೆ ಕಟ್ಟಬೇಕೇ ಎಂದು ಕೇಳುವವರಿದ್ದಾರೆ. ಅವರ ಲೆಕ್ಕದ ಒಂದು ಪುಟ ಕಾಣೆಯಾಗಿದೆ. ತುಂಗಭದ್ರೆ, ಬಸವಸಾಗರ, ಆಲಮಟ್ಟಿಗಳಿಂದ ಬಂದ ಭತ್ತ, ಕಬ್ಬು, ವಿದ್ಯುತ್ತು, ನಗರಗಳ ಕುಡಿಯುವ ನೀರು ಎಲ್ಲವೂ ಲಾಭದ ಕಡೆ ಬರೆದಾಗಿದೆ. ಗೇಟು ತೆರೆದಾಗ ಕೆಳಗಿನವರು ಕಳೆದುಕೊಳ್ಳುವ ಬೆಳೆ, ದಿನಗೂಲಿ, ಶಾಲೆಯ ದಿನ, ಹೆರಿಗೆಯ ಹೊತ್ತು ಯಾವ ಕಡೆಯೂ ಬರೆದಿಲ್ಲ. ಆ ಪುಟವನ್ನು ತುಂಬಿದ ಮೇಲೆ ಸೇತುವೆಯ ಬೆಲೆ ಹೇಳಲಿ. ಅದು ಸರ್ಕಾರ ತೋರುವ ಕೃಪೆಯೇ ಅಲ್ಲ, ತೀರಿಸಬೇಕಾದ ಬಾಕಿ.

ಎಲ್ಲ ಕಡೆ ಸೇತುವೆಯೇ ಬೇಕೆಂದೂ ಇಲ್ಲ. ಹಲವು ಊರುಗಳಿಗೆ ಮಳೆಗಾಲದ ಮೂರು ತಿಂಗಳು ಮೋಟಾರು ದೋಣಿ, ನಡೆಸಲು ಸಂಬಳದ ಅಂಬಿಗ, ಎಲ್ಲರಿಗೂ ಲೈಫ್ ಜಾಕೆಟ್ ಇದ್ದರೆ ಸಾಕು. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಪ್ರತಿ ಬಸುರಿಯ ದಿನ ತುಂಬುವ ತಾರೀಖು ಬರೆದಿರುತ್ತದೆ. ಜುಲೈ, ಆಗಸ್ಟಿನಲ್ಲಿ ದಿನ ತುಂಬುವವರನ್ನು ನೀರು ಏರುವ ಮೊದಲೇ ದಂಡೆಯಾಚೆಯ ಆಸ್ಪತ್ರೆಯ ಬಳಿ, ತಾಯಿಯನ್ನೋ ಅಕ್ಕನನ್ನೋ ಜೊತೆಗಿಟ್ಟು, ಇರಿಸಿಕೊಳ್ಳಲು ಎರಡು ಕೋಣೆ ಬೇಕು. ನೀಲಕಂಠರಾಯನಗಡ್ಡಿಯ ಆ ಹೆಣ್ಣುಮಗಳು ಈಜುವ ಪ್ರಸಂಗ ಬಾರದಂತೆ ತಡೆಯಲು 2014ರಲ್ಲೂ ಇಷ್ಟೇ ಸಾಕಿತ್ತು.

ಎಚ್ಚರಿಕೆಯ ವಿಷಯವನ್ನು ಬಿಡಿಸಿ ಹೇಳಬೇಕು. ಗೇಟು ತೆರೆಯುವಾಗ ಪ್ರಕಟಣೆ ಬರುತ್ತದೆ: ಇಂತಿಷ್ಟು ಕ್ಯುಸೆಕ್ ಬಿಡಲಾಗುತ್ತಿದೆ, ದಂಡೆಯವರು ಸುರಕ್ಷಿತ ಸ್ಥಳಕ್ಕೆ ಹೋಗಬೇಕು. ಕ್ಯುಸೆಕ್ ಎಂಜಿನಿಯರಿಗೆ ಅರ್ಥವಾಗುವ ಅಳತೆ. ಕೆಂಚನಗುಡ್ಡದ ರೈತನಿಗೆ ಬೇಕಾದದ್ದು ಬೇರೆ: ಒಂದು ಲಕ್ಷ ಬಿಟ್ಟರೆ ನೀರು ಗುಡಿಯ ಯಾವ ಮೆಟ್ಟಿಲಿಗೆ ಬರುತ್ತದೆ, ಒಂದೂವರೆ ಲಕ್ಷಕ್ಕೆ ಯಾವ ಹೊಲದ ಬದು ಮುಳುಗುತ್ತದೆ, ಹೊಸಪೇಟೆಯಿಂದ ಇಲ್ಲಿಗೆ ಬರಲು ಎಷ್ಟು ಗಂಟೆ. ಎಪ್ಪತ್ತು ವರ್ಷ ಗೇಟು ತೆರೆದವರ ಬಳಿ ಪ್ರತಿ ಸಲದ ಅಂಕಿ ಇರಲೇಬೇಕು. ದಂಡೆಯವರ ಬಳಿ ಪ್ರತಿ ಸಲ ನೀರು ಎಲ್ಲಿಗೆ ಬಂತೆಂಬ ನೆನಪಿದೆ. ಎರಡನ್ನೂ ಕೂಡಿಸಿ ಪ್ರತಿ ಊರಿನ ಅಗಸೆಯ ಬಳಿ ಕಲ್ಲಿನ ಮೇಲೆ ಬಣ್ಣದ ಗೆರೆ ಎಳೆಯಲು ಯಾವ ತಂತ್ರಜ್ಞಾನವೂ ಬೇಡ. ಆ ಗೆರೆ ಇದ್ದರೆ ಡಂಗುರದವನ ಒಂದು ಮಾತಿಗೇ ಪಂಪ್‌ಸೆಟ್ ಬಿಚ್ಚಿ ಮೇಲಕ್ಕೆ ಸಾಗಿಸಬಹುದು, ಕುರಿಗಳನ್ನು ಹೊಡೆದುಕೊಂಡು ಹೋಗಬಹುದು.

ಮುನಿರಾಬಾದಿನಲ್ಲಿ ತುಂಗಭದ್ರಾ ಯೋಜನೆಯ ನೀರಾವರಿ ಸಲಹಾ ಸಮಿತಿ ಸೇರಿದಾಗ ಯಾವ ಕಾಲುವೆಗೆ ಯಾವ ದಿನದಿಂದ ಎಷ್ಟು ನೀರು ಎಂಬುದರ ಮೇಲೆ ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ಶಾಸಕರು, ರೈತ ಮುಖಂಡರು ಪಟ್ಟು ಹಿಡಿಯುತ್ತಾರೆ. ಹೊಳೆಗೆ ಬಿಡುವ ನೀರಿಗೂ ಅಷ್ಟೇ ಹೊತ್ತು ಬೇಕು. ಆ ಚರ್ಚೆಯಲ್ಲಿ ಕಂಪ್ಲಿ ಕೋಟೆಯ ಒಬ್ಬ ಬೆಸ್ತ, ದೇಶನೂರಿನ ಒಬ್ಬ ರೈತ, ಕೆಂಚನಗುಡ್ಡದ ಒಬ್ಬ ಹೆಣ್ಣುಮಗಳು ಕೂತಿರಬೇಕು. ಹಳೆಯ 33 ಗೇಟುಗಳ ಜಾಗಕ್ಕೆ ಹೊಸವು ಬರುತ್ತಿರುವ ಈ ಹೊತ್ತಿನಲ್ಲಿ, ಅವುಗಳನ್ನು ಯಾವ ನಿಯಮದಂತೆ ಎತ್ತಬೇಕು, ಎಷ್ಟು ಗಂಟೆ ಮೊದಲು ಯಾರಿಗೆ ತಿಳಿಸಬೇಕು, ತಿಳಿಸದೆ ನಷ್ಟವಾದರೆ ಯಾರು ಕಟ್ಟಿಕೊಡಬೇಕು ಎಂಬುದನ್ನೂ ಕನ್ನಡದಲ್ಲಿ ಬರೆದು ಪ್ರತಿ ಹೊಳೆಯೂರಿನ ಪಂಚಾಯಿತಿ ಗೋಡೆಗೆ ಹಚ್ಚಬೇಕು. ತುಂಗಭದ್ರಾ ಮಂಡಳಿ ಮತ್ತು ಜಲಸಂಪನ್ಮೂಲ ಇಲಾಖೆ ಮುಂದಿನ ಮುಂಗಾರಿಗೆ ಮೊದಲೇ ಮಾಡಿ ಮುಗಿಸಬಹುದಾದ ಕೆಲಸ ಇದು.